ಬಿರುಕಿಗೆ ಹುಳಿ ಮಜ್ಜಿಗೆ

ಮೊಬೈಲಿನಲ್ಲಿ ಮಾತಾಡುವುದಕ್ಕಿಂತ ಮಿಸ್ ಕಾಲ್ ಕೊಡುವುದೇ ಹೆಚ್ಚಾಗಿದ್ದ ಕಾಲ ಅದು. ಬೆಟ್ಟದಪುರದಲ್ಲಿ ಭಾಗ್ಯಳ ಹೊಸ ಮನೆಗೆ ಆಗ ಎರಡು ವರ್ಷ, ಅವಳ ಮಗಳಿಗೆ ಹತ್ತು ತಿಂಗಳು, ನಡುಮನೆಯ ತಾರಸಿಯ ಬಿರುಕಿಗೆ ಒಂದು ಮಳೆಗಾಲ. ಮಗಳೂ ಬಿರುಕೂ ಒಂದಕ್ಕೊಂದು ಪಂದ್ಯ ಕಟ್ಟಿದಂತೆ ಬೆಳೆಯುತ್ತಿದ್ದವು.

ಬಿರುಕು ಯಾರ ಮನೆಯಲ್ಲಿಲ್ಲ? ಆದರೆ ಈ ತಾರಸಿ ಹಾಕಿದವನು ರಾವಂದೂರಿನ ಮಂಚಯ್ಯ ಮೇಸ್ತ್ರಿ, ಅಂದರೆ ಭಾಗ್ಯಳ ಸ್ವಂತ ಅಣ್ಣ. ತಂಗಿಗೆ ನನ್ನ ಉಡುಗೊರೆ ಎಂದು ತಾನೇ ನಿಂತು ಹಾಕಿಸಿದ್ದು. ಆ ದಿನವನ್ನು ಅವಳು ಇನ್ನೂ ಮರೆತಿಲ್ಲ. ಕಾಂಕ್ರೀಟು ಮಿಕ್ಸರಿನ ಗಡಗಡ, ಏಣಿಯುದ್ದಕ್ಕೂ ಕೈಯಿಂದ ಕೈಗೆ ಹಾರುತ್ತಿದ್ದ ಬಾಣಲಿಗಳು, ಸಂಜೆ ಎಲ್ಲರಿಗೂ ಮುದ್ದೆ, ಕೋಳಿಸಾರು. ಕೊನೆಯ ಬಾಣಲಿಯನ್ನು ಅಣ್ಣ ಅವಳ ಕೈಯಿಂದಲೇ ಸುರಿಸಿ, "ಇನ್ನು ನೂರು ವರ್ಸ ನೀನು ತಲೆ ಎತ್ತಿ ನೋಡೋ ಅಂಗಿಲ್ಲ ಕಣವ್ವ" ಅಂದಿದ್ದ. (ಅವಳು ಎತ್ತದೆ ಇದ್ದಿದ್ದರೆ ಚೆನ್ನಾಗಿತ್ತು.)

ಈಗ ಮಗಳಿಗೆ ಕಿವಿ ಚುಚ್ಚಿಸಬೇಕು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ಪದ್ಧತಿ. ಅದೂ ನಡುಮನೆಯಲ್ಲಿ, ಗಂಡನ ಕಡೆಯ ನೆಂಟರೆಲ್ಲ ಸುತ್ತ ಕೂತಿರುವಾಗ, ಸರಿಯಾಗಿ ಆ ಬಿರುಕಿನ ಕೆಳಗೆ. ಒಬ್ಬರು ಮೇಲೆ ನೋಡಿ ಲೊಚಗುಟ್ಟಿದರೂ ಸಾಕು, ಅಣ್ಣ ಮಗುವನ್ನು ಇಳಿಸಿ ಎದ್ದು ಹೋಗುತ್ತಾನೆ ಎಂಬುದು ಭಾಗ್ಯಳ ಭಯ. ಅವನು ಕಟ್ಟಿದ ಗೋಡೆ ಕೊಂಚ ವಾಲಿದೆ ಎಂದು ಯಾರೋ ಅಂದದ್ದಕ್ಕೆ ಆ ಬೀದಿಯನ್ನೇ ತ್ಯಜಿಸಿದ ಮಹಾನುಭಾವ. ಬೇರೆ ಮೇಸ್ತ್ರಿಯನ್ನು ಕರೆಸಿದರೆ ಸುದ್ದಿ ಬಸ್ಸಿಗಿಂತ ಮುಂಚೆ ರಾವಂದೂರು ತಲುಪುತ್ತದೆ. ಗಂಡ ಮಹೇಶ್‌ಕುಮಾರನಿಗೆ ಹೇಳೋಣವೆಂದರೆ ತವರಿನ ಮಾನದ ಪ್ರಶ್ನೆ. ಅವನಂತೂ ಈಚೆಗೆ ಮೇಲೆ ನೋಡುವುದನ್ನೇ ಬಿಟ್ಟಿದ್ದ. ಗೊಬ್ಬರದ ಅಂಗಡಿಯವನಿಗೆ ಆಕಾಶದ ಕಡೆ ಗಮನವೆಲ್ಲಿ ಎಂದು ಅವಳು ಸಮಾಧಾನಪಟ್ಟುಕೊಂಡಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ, ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದವಳಿಗೆ ರೇಡಿಯೋದಲ್ಲಿ ಅಭಯವಾಣಿ ಕೇಳಿಸಿತು. ಪರದೇಶದಲ್ಲಿ ವಿಜ್ಞಾನಿಗಳು ಕಾಂಕ್ರೀಟಿನೊಳಗೆ ಬ್ಯಾಕ್ಟೀರಿಯಾಗಳನ್ನು ಮಲಗಿಸಿಡುತ್ತಾರಂತೆ. ಬಿರುಕಿಗೆ ನೀರಿಳಿದರೆ ಅವು ಎದ್ದು, ಜೊತೆಗಿಟ್ಟ ಆಹಾರ ತಿಂದು, ಸುಣ್ಣದ ಕಲ್ಲು ಕಟ್ಟಿ, ಗಾಯ ಮಾಯುವ ಹಾಗೆ ಬಿರುಕನ್ನು ತಾವೇ ಮುಚ್ಚಿಬಿಡುತ್ತವಂತೆ. ಮೇಸ್ತ್ರಿ ಬೇಡ, ಏಣಿ ಬೇಡ, ಅಣ್ಣನಿಗೆ ತಿಳಿಯುವುದೂ ಬೇಡ.

ಭಾಗ್ಯ ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಹಾಲು ಮೊಸರಾಗುವುದು ಬ್ಯಾಕ್ಟೀರಿಯಾಗಳ ಕೃಪೆಯಿಂದ ಎಂದು ಬರೆದು ಪಾಸಾದವಳು. ಅದರ ಜೊತೆಗೆ ಅಜ್ಜಿ ನೆನಪಾದಳು. ತವರಿನ ಜಗಲಿ ಕಿತ್ತು ಬಂದಾಗ ಅಜ್ಜಿ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಗಾರೆ ಕುಟ್ಟಿಸುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಆ ಬೆಲ್ಲದ ನೀರಿಗೆ ಬೆರಳದ್ದಿ ನೆಕ್ಕಿ ಬೈಸಿಕೊಳ್ಳುತ್ತಿದ್ದರು. ಪರದೇಶದ ವಿಜ್ಞಾನ, ಅಜ್ಜಿಯ ಬೆಲ್ಲ, ಮನೆಯ ಹುಳಿ ಮಜ್ಜಿಗೆ: ತ್ರಿವೇಣಿ ಸಂಗಮವಾಗಿ ಹೋಯಿತು.

ಅಂದಿನಿಂದ ಗಂಡ ಅಂಗಡಿಯಲ್ಲಿ, ಅತ್ತೆ ಚಿಕ್ಕಸಿದ್ದಮ್ಮ ಮಧ್ಯಾಹ್ನದ ನಿದ್ದೆಯಲ್ಲಿ ಇರುವಾಗ ಭಾಗ್ಯ ಮಗುವನ್ನು ಸೊಂಟಕ್ಕೇರಿಸಿ, ಒಣಗಿದ ಬಟ್ಟೆ ತರುವ ನೆಪದಲ್ಲಿ ತಾರಸಿಗೆ ಹೋಗುತ್ತಿದ್ದಳು. ಚೊಂಬಿನ ಮಜ್ಜಿಗೆಗೆ ಬೆಲ್ಲ ಕದಡಿ, ಅಡಿಕೆಲೆಯ ಸುಣ್ಣ ಕಲಸಿ, ಬಿರುಕಿನುದ್ದಕ್ಕೂ ಹೊಯ್ದು, ಮಗುವಿಗೆ ಗುಟುಕು ಕೊಟ್ಟಷ್ಟೇ ಅಕ್ಕರೆಯಿಂದ "ಕುಡೀರಪ್ಪ" ಅನ್ನುತ್ತಿದ್ದಳು.

ಆಶ್ಚರ್ಯವೆಂದರೆ ವಾರದೊಳಗೆ ಬಿರುಕಿನ ತುಂಬ ಏನೋ ಬೂದುಬಣ್ಣದ್ದು ಕಟ್ಟಿಕೊಂಡಿತು. ಮರುದಿನ ಅದು ಪುಡಿಯಾಗಿ ಎದ್ದಿತು. ಅದರ ಮರುದಿನ ಮತ್ತೆ ಕಟ್ಟಿತು. ಪಾಪ, ಹೊಸ ಕೆಲಸ, ಇನ್ನೂ ಕೈ ಕುದುರಬೇಕು ಎಂದು ಅವಳು ಮಜ್ಜಿಗೆ ಹೆಚ್ಚಿಸಿದಳು.

ಇತ್ತ ಅಡುಗೆಮನೆಯಲ್ಲಿ ಚಿಕ್ಕಸಿದ್ದಮ್ಮನವರ ಲೆಕ್ಕ ತಪ್ಪುತ್ತಿತ್ತು. ಎಷ್ಟು ಹೆಪ್ಪು ಹಾಕಿದರೂ ಮೊಸರು ಮಾಯ, ಬೆಲ್ಲದ ಡಬ್ಬಿ, ಸುಣ್ಣದ ಡಬ್ಬಿಗಳೂ ಬರಿದಾಗುತ್ತಿದ್ದವು. ಮೊದಲು ಬೆಕ್ಕನ್ನು ಅನುಮಾನಿಸಿದರು. ಬೆಕ್ಕು ಸುಣ್ಣ ತಿನ್ನುವುದಿಲ್ಲ, ಬೆಲ್ಲ ಮುಟ್ಟುವುದಿಲ್ಲ. ಹುಳಿ, ಸಿಹಿ, ಸುಣ್ಣ ಮೂರನ್ನೂ ಬೇಡುವ ಪ್ರಾಣಿ ಲೋಕದಲ್ಲಿ ಒಂದೇ ಎಂದು ಅವರ ಅನುಭವ ಹೇಳಿತು. ಸೊಸೆಯನ್ನು ಕೇಳಲಿಲ್ಲ. ಅದು ಕೇಳುವ ವಿಷಯವೂ ಅಲ್ಲ. ರಾವಂದೂರಿನ ಕಡೆ ಹೊರಟಿದ್ದ ಒಬ್ಬರ ಕೈಲಿ ಸೀದಾ ಸುದ್ದಿ ಕಳಿಸಿಬಿಟ್ಟರು.

ಭಾನುವಾರ ಮಂಚಯ್ಯ ಮೇಸ್ತ್ರಿ ಬಂದಿಳಿದ. ಒಂದು ಕೈಯಲ್ಲಿ ಗಾರೆ ಮೆತ್ತುವ ಕರಣೆ ಇದ್ದ ಚೀಲ. ಇನ್ನೊಂದರಲ್ಲಿ ಮಾವಿನಕಾಯಿ, ಹುಣಸೆಹಣ್ಣು, ಹೂವು, ಬಳೆ ತುಂಬಿದ ಬುಟ್ಟಿ. ಕರಣೆ ಯಾಕೆಂದು ಭಾಗ್ಯಳಿಗೆ ತಿಳಿಯಲಿಲ್ಲ, ಬುಟ್ಟಿ ಯಾಕೆಂದಂತೂ ತಿಳಿಯಲೇ ಇಲ್ಲ. ಅಣ್ಣ ನಕ್ಕು ಅವಳ ತಲೆ ಸವರಿ, ನೇರ ತಾರಸಿ ಹತ್ತಿದ. ಹಿಂದೆಯೇ ಮಹೇಶ, ಅವನ ಹಿಂದೆ ಭಾಗ್ಯ, ಅವಳ ಹಿಂದೆ ಮಗುವನ್ನೆತ್ತಿಕೊಂಡ ಅತ್ತೆ.

ಅಲ್ಲಿ ಅವಳಿಗೆ ತಿಳಿದದ್ದು ಇಷ್ಟು. ಬಿರುಕಿನ ವಿಷಯವನ್ನು ಮಹೇಶ ಎಂದೋ ಮಂಚಯ್ಯನಿಗೆ ಹೇಳಿದ್ದ. ಮಂಚಯ್ಯ ನಕ್ಕು, ಮನೆ ಅಂದ ಮೇಲೆ ಬಿರುಕು ಬಿಡದೆ ಏನು ಬಿಡ್ತದೆ ಎಂದು ಸಿಮೆಂಟು ಕಲಸುವುದು ಹೇಳಿಕೊಟ್ಟಿದ್ದ. ಭಾಗ್ಯ ಡೇರಿಗೆ ಹಾಲು ಹಾಕಲು ಹೋದ ಹೊತ್ತಿನಲ್ಲಿ ಮಹೇಶ ದಿನಾ ಮೆತ್ತುತ್ತಿದ್ದ. ದಿನಾ ಅದು ಉದುರುತ್ತಿತ್ತು.

"ನಂಗೊಂದು ಮಾತು ಹೇಳಬಾರದಿತ್ತಾ?" ಎಂದಳು ಭಾಗ್ಯ.

"ನಿನ್ನ ಅಣ್ಣನ ತಾರಸಿ ಬಿರುಕು ಬುಟ್ಟೈತೆ ಅಂತ ನಿನಗೆ ಹೇಳೋದಾ? ನಾನು ಊಟ ಮಾಡಬೇಕಲ್ಲ ಈ ಮನೇಲಿ" ಎಂದ ಮಹೇಶ.

ಅಷ್ಟರಲ್ಲಿ ಮಂಚಯ್ಯ ಬಿರುಕಿನಿಂದ ಒಂದು ಹೆಂಟೆ ಕಿತ್ತು, ಮೂಸಿ, ಬೆಳಕಿಗೆ ಹಿಡಿದ. ಅದರಲ್ಲೊಂದು ಕರಿಬೇವಿನ ಎಲೆ ಅಂದವಾಗಿ ಅಂಟಿಕೊಂಡಿತ್ತು. (ಹಿಂದಿನ ದಿನ ಹುಳಿ ಮಜ್ಜಿಗೆ ಸಾಲದೆ ಒಗ್ಗರಣೆ ಮಜ್ಜಿಗೆಯನ್ನೇ ಹೊಯ್ದಿದ್ದಳು.)

"ಭಾವ, ಸಿಮೆಂಟಿಗೆ ಒಗ್ಗರಣೆ ಆಕೋದ ನಾನು ಹೇಳಿಕೊಟ್ಟಿರಲಿಲ್ವಲ್ಲ" ಎಂದ.

ಎಲ್ಲರೂ ಭಾಗ್ಯಳನ್ನು ನೋಡಿದರು. ರೇಡಿಯೋ, ಬ್ಯಾಕ್ಟೀರಿಯಾ, ಅಜ್ಜಿ ಎಲ್ಲ ಒಂದೇ ಉಸಿರಿಗೆ ಹೊರಬಿತ್ತು. ಹುಳಿ ಬಿದ್ದರೆ ಹಸಿ ಸಿಮೆಂಟು ಹಿಡಿಯುವುದಿಲ್ಲ ಎಂದು ಅಣ್ಣ ಹೇಳಿದ. ಅಂದರೆ ಇಷ್ಟು ದಿನ ಗಂಡ ಮಾಯಿಸಿದ್ದನ್ನು ಅವಳ ಬ್ಯಾಕ್ಟೀರಿಯಾ ಕೆಡಿಸುತ್ತಿತ್ತು.

ಅಣ್ಣ ನಗುತ್ತಲೇ ಕರಣೆ ತೆಗೆದು ಬಿರುಕು ಕೆತ್ತಲು ಕೂತ. ಕಿವಿ ಚುಚ್ಚುವ ದಿನಕ್ಕೆ ಯಾರಾದರೂ ಕೇಳಿದರೆ ತಂಗಿ ಒಗ್ಗರಣೆ ಹಾಕಿದ ತಾರಸಿ ಎಂದು ತಾನೇ ಹೇಳುವುದಾಗಿ ಮಾತು ಕೊಟ್ಟ. ಭಾಗ್ಯಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮುಖ ಸಣ್ಣ ಮಾಡಿಕೊಂಡಿದ್ದವರು ಚಿಕ್ಕಸಿದ್ದಮ್ಮ ಒಬ್ಬರೇ. "ಅಂಗಾರೆ ಆ ಮೊಸರೆಲ್ಲ ನೀನು ತಿನ್ನಲಿಲ್ವಾ?" ಎಂದರು.

"ಇಲ್ಲ ಅತ್ತೆ."

"ಅಂಗಾರೆ ಬಸ್ರಿ ನೀನಲ್ಲ. ಈ ಮನೆ."

ಬಯಕೆಗೆಂದು ತವರಿನಿಂದ ಬಂದ ಬುಟ್ಟಿಯನ್ನು ಹಿಂದಕ್ಕೆ ಕಳಿಸುವ ಹಾಗಿಲ್ಲ. ಎಲ್ಲರೂ ಕೆಳಗಿಳಿದು ಬಂದ ಮೇಲೆ ಅತ್ತೆ ಅದನ್ನು ನಡುಮನೆಯಲ್ಲಿಟ್ಟು, ಕುಂಕುಮದ ಬಟ್ಟಲು ತಂದರು. ಭಾಗ್ಯ ಅಭ್ಯಾಸಬಲದಿಂದ ಸೆರಗು ಹೊದ್ದು ಹಣೆ ಮುಂದೆ ಮಾಡಿದಳು. ಚಿಕ್ಕಸಿದ್ದಮ್ಮ ಅವಳನ್ನು ದಾಟಿಕೊಂಡು ಹೋಗಿ, ಗೋಡೆಗೆ ಕುಂಕುಮವಿಟ್ಟು, ಮೇಲೊಂದು ಹೂವು ಸಿಕ್ಕಿಸಿದರು.