ಕಾಡಿಗೆಯ ಸೆರಗು

ಸಿಗರೇಟು ಕಂಪನಿಯವರಿಗೆ ಇಂದಿಗೂ ಗೊತ್ತಿಲ್ಲ. ಅವರ ನಟಿಯರಿಗೆಲ್ಲ ಸೆರಗು ಹೊದಿಸಿ ಮರ್ಯಾದಸ್ಥರನ್ನಾಗಿ ಮಾಡಿದವಳು ಶಿಗ್ಗಾಂವಿಯ ನನ್ನ ಸೋದರತ್ತೆ!

ಆಗ ಸಿಗರೇಟಿನ ಪಾಕೀಟಿನೊಳಗೆ ನಟಿಯರ ಬಣ್ಣದ ಚಿತ್ರಗಳು ಬರುತ್ತಿದ್ದವು. ಅಪ್ಪನ ತಮ್ಮ ಕಾಕಾನಿಗೆ ಅವನ್ನು ಕೂಡಿಡುವ ಹುಚ್ಚು, ಅತ್ತೆಗೆ ಅವರ ಬರಿದಲೆಯ ಚಿಂತೆ. ಯಾರ ಮನೆಯ ಹೆಣ್ಣುಮಕ್ಕಳೋ, ಹೀಗೆ ಗಂಡಸರ ಕಿಸೆಯಲ್ಲಿ ತಿರುಗುತ್ತಾರಲ್ಲ ಎಂದು ನಿಟ್ಟುಸಿರು ಬಿಟ್ಟು, ಕಾಕಾ ಮಧ್ಯಾಹ್ನ ಮಲಗಿದಾಗ ಕಡ್ಡಿಗೆ ಕಾಡಿಗೆ ಹಚ್ಚಿಕೊಂಡು ಚಿತ್ರದವರ ತಲೆಗೆಲ್ಲ ಸೆರಗು ಬರೆಯುತ್ತ ಕೂರುತ್ತಿದ್ದಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು. ಅವಳ ತಲೆಯ ಸೆರಗು ಜಾರಿದ್ದನ್ನು ನಾವ್ಯಾರೂ ಕಂಡಿಲ್ಲ. ತನಗಿದ್ದದ್ದು ಎಲ್ಲರಿಗೂ ಇರಲಿ ಎಂಬ ಧಾರಾಳತನವೇ?

ಕೂದಲು ಗಿಡ್ಡ ಕತ್ತರಿಸಿಕೊಂಡ ವಿಲಾಯತಿ ನಟಿಯನ್ನು ಕಂಡು, ಪಾಪ, ವಿಷಮಜ್ವರದಲ್ಲಿ ಉದುರಿರಬೇಕೆಂದು ಮರುಗಿ ದಪ್ಪ ಸೆರಗನ್ನೇ ಹೊದಿಸಿದಳು. ಪಾಟಲೋನು ತೊಟ್ಟು ಕುದುರೆ ಏರಿದವಳಿಗೆ ಕಚ್ಚೆ ಸೀರೆಯಾಯಿತು. ಸ್ವಲ್ಪ ಕುದುರೆಗೂ ತಗಲಿತು. ಚಿತ್ರ ಅದಲುಬದಲು ಮಾಡಿಕೊಳ್ಳಲು ಹಾನಗಲ್ಲಿನಿಂದ ಬಂದ ಕಾಕಾನ ಗೆಳೆಯ ಡಬ್ಬಿ ತೆರೆದು ನೋಡಿ, "ಇವರೆಲ್ಲಾ ನಿಮ್ಮ ಬೀಗರೇನ್ರಿ?" ಎಂದ. ಕಾಕಾ ಅವತ್ತು ಉಣ್ಣಲಿಲ್ಲ. ಅಕ್ಕ ತಮ್ಮನ ಈ ಜಗಳ ಬಿಡಿಸಿ ಬಿಡಿಸಿ ಮನೆ ಮಂದಿಯೆಲ್ಲ ಸುಸ್ತಾಗಿದ್ದೆವು.

ಅಂಥದರಲ್ಲಿ ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ. ಧಾರವಾಡಕ್ಕೆ ಹೋಗಿ ಮಾಸ್ತರಿಕೆ ಕಲಿಯಬೇಕು, ಅದೊಂದೇ ನನ್ನ ಆಸೆ. ಅಲ್ಲಿಯ ಟ್ರೇನಿಂಗ್ ಕಾಲೇಜಿನವರು ಅರ್ಜಿಯ ಜೊತೆ ಮುಖ ಸರಿಯಾಗಿ ಕಾಣುವ ಫೋಟೋ ಕೇಳಿದ್ದರು. ಹಣೆಯ ಕೆಳಗಿಳಿಯುವಂತೆ ತಲೆತುಂಬ ಸೆರಗು ಹೊದ್ದರೆ ಮಾತ್ರ ಫೋಟೋ, ಇಲ್ಲದಿದ್ದರೆ ಧಾರವಾಡವೂ ಬೇಡ, ಮಗಳು ಸಿಗರೇಟಿನ ಚಿತ್ರವಾಗುವುದು ತನಗೆ ಬೇಕಿಲ್ಲ ಎಂದು ಅಪ್ಪ ಹಟ ಹಿಡಿದ.

ಫೋಟೋದವನು ಅಂಗಳದಲ್ಲಿ ಪೆಟ್ಟಿಗೆ ಹೂಡಿ, ಕರಿಬಟ್ಟೆಯೊಳಗೆ ತಲೆ ಹಾಕಿ, ಹೊರಗೆ ತೆಗೆದ. "ಮುಖಾ ಬರಂಗಿಲ್ರಿ. ಬರೇ ಸೀರಿ ಬರ್ತೈತಿ." ಅಪ್ಪ ಜಗ್ಗಲಿಲ್ಲ. ನನಗೆ ಅಳು ಒತ್ತಿ ಬಂತು. ಅಷ್ಟರಲ್ಲಿ ಅತ್ತೆ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಬಂದಳು. ನನ್ನ ಕತೆ ಮುಗಿಯಿತು ಎಂದುಕೊಂಡೆ.

ಅವಳು ನನ್ನ ಸೆರಗನ್ನು ಹೆಗಲಿಗೆ ಇಳಿಸಿದಳು. ದೃಷ್ಟಿಯಾಗದಿರಲೆಂದು ಕಿವಿಯ ಹಿಂದೆ ಕಾಡಿಗೆಯ ಬೊಟ್ಟಿಟ್ಟಳು. ಆಮೇಲೆ ಅಪ್ಪನ ಕಡೆ ತಿರುಗಿ ಮೆಲ್ಲಗೆ ಅಂದಳು:

"ಎಷ್ಟ ಮಂದಿಗಂತ ಸೆರಗ ಹೊಚ್ಚಲೋ ತಮ್ಮಾ? ನನ್ನ ಕೈ ಸೋತಾವು. ಈಕೀದರ ಮುಖಾ ಕಾಣ್ಲಿ."

ಅಪ್ಪ ಒಳಗೆ ಹೋದ. ಅವನು ಮತ್ತೆ ಬಂದು ಹೊದಿಸಿಯಾನೆಂದು ಅತ್ತೆ ನನ್ನ ಸೆರಗನ್ನು ಹೆಗಲ ಮೇಲೆ ಒತ್ತಿ ಹಿಡಿದೇ ನಿಂತಳು.

ಆ ಫೋಟೋದ ಒಂದು ಪ್ರತಿ ನನ್ನ ಹತ್ತಿರ ಇದೆ. ನನ್ನ ಮುಖ ನಿಚ್ಚಳವಾಗಿ ಬಂದಿದೆ. ಹೆಗಲ ಮೇಲೆ ಅತ್ತೆಯ ಬೆರಳುಗಳಿವೆ, ಒಂದಕ್ಕೆ ಕಾಡಿಗೆ ಹತ್ತಿದೆ. ಅವಳದೆಂದು ಬೇರೆ ಯಾವ ಚಿತ್ರವೂ ನಮ್ಮ ಮನೆಯಲ್ಲಿಲ್ಲ.