ಮೂರೂರ ಕಂಪ್ಯೂಟರಿಗೆ ಒಬ್ಬರೇ ಅತ್ತೆ

ಪೆನ್‌ಡ್ರೈವು ಬಸ್ಸಿನ ಸೀಟಿನ ಸಂದಿಯಲ್ಲಿ ಬಿದ್ದು, ಸಂಕೇಶ್ವರ ದಾಟಿ, ನಾವ್ಯಾರೂ ಇಲ್ಲದೆ ತಾನೊಂದೇ ಕೊಲ್ಲಾಪುರ ನೋಡಿಕೊಂಡು ಬರಬಹುದಿತ್ತು. ಗೋಕಾಕದ ನಮ್ಮ ಮನೆಯಲ್ಲಿ ಫೈಲುಗಳು ಅರ್ಧ ದಾಟಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಬಹುದಿತ್ತು. ಮೂಡಲಗಿಯಲ್ಲಿ ಅಕ್ಕನ ಗಿರಣಿಯ ಹಿಟ್ಟು ಕಂಪ್ಯೂಟರಿನ ಮೂಗು ಸೇರಿ, ಅದು ಸೀನಿ ಸೀನಿಯೇ ಪ್ರಾಣ ಬಿಡಬಹುದಿತ್ತು. ಹುಕ್ಕೇರಿಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಅದನ್ನು ನಡೆಸುವವರಿಗೂ ಆಗಿತ್ತು. ವಿಜ್ಞಾನದ ಪಾಠ ಇರಬೇಕಾದ ಜಾಗದಲ್ಲಿ ಯಾರದೋ ಮದುವೆಯ ಬ್ಯಾಂಡು ಕುಳಿತಿರಬಹುದಿತ್ತು. ಕಣ್ಣು ಕಾಣದ ನನ್ನ ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಪಾಠ ಕೇಳುತ್ತಿದ್ದ ಆ ಪುಟ್ಟ ಪ್ಲೇಯರು ಪರೀಕ್ಷೆಯ ಹಿಂದಿನ ದಿನವೇ ಮೌನವ್ರತ ಹಿಡಿಯಬಹುದಿತ್ತು. ಇದನ್ನೆಲ್ಲ ಯೋಚಿಸಿ ಯೋಚಿಸಿ ನನಗೇ ಎದೆನೋವು ಬಂದು, ಅದು ಬರೀ ಗ್ಯಾಸು ಎಂದು ಡಾಕ್ಟರು ಹೇಳುವಷ್ಟರಲ್ಲಿ ಪರೀಕ್ಷೆಯೇ ಮುಗಿದುಹೋಗಿರಬಹುದಿತ್ತು!

ಇದ್ಯಾವುದೂ ಆಗಲಿಲ್ಲ. ಆಗಲು ನಮ್ಮ ಅತ್ತೆಯವರು ಬಿಡಲಿಲ್ಲ.

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಈ ಭೂಮಿಯ ಮೇಲಿನ ಯಾವ ವಸ್ತುವೂ ಇದೆ ಎಂದು ಸುಮ್ಮಸುಮ್ಮನೆ ನಂಬಿದವರಲ್ಲ. ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿ ಆಮೇಲೆ ಕೂರುತ್ತಾರೆ. ಕಪ್ಪಿನಲ್ಲಿ ಚಹಾ ಇದೆಯೇ ಎಂದು ಬಗ್ಗಿ ನೋಡಿ ಆಮೇಲೆ ಎತ್ತುತ್ತಾರೆ. ಗುಡಿಗೆ ಹೋದರೆ ಒಳಗೆ ಇಣುಕಿ, ದೇವರು ತನ್ನ ಜಾಗದಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡೇ ಗಂಟೆ ಬಾರಿಸುತ್ತಾರೆ. ಇಲ್ಲದಿದ್ದರೆ ಏನು ಮಾಡುತ್ತಾರೆ ಎನ್ನುತ್ತೀರಾ? ನಾನೂ ಕೇಳಿದ್ದೆ.

“ಇಲ್ಲಂದ್ರ, ಇಲ್ಲ ಅಂತ ಒಂದ ಮಾತು ತಿಳಿಸಿ ಸಮಾಧಾನದಿಂದ ಹೊರಗ ಬರಬೇಕ್ರಿ ಅಳಿಯಂದ್ರ. ಅಲ್ಲೇ ಬಿದ್ದು ಒದ್ದಾಡಬಾರದು” ಎಂದರು.

ಎಂಥ ಅಧ್ಯಾತ್ಮ ಎಂದು ಬಹಳ ದಿನ ಬೆರಗಾಗಿದ್ದೆ. ಆಮೇಲೆ ಗೊತ್ತಾಯಿತು, ಅದು ಪ್ರೋಗ್ರಾಮಿಂಗು!

ಅತ್ತೆಯವರು ಟ್ರಂಕ್ ಕಾಲಿನ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈ ಕಡೆ ಯಾರು, ಆ ಕಡೆ ಯಾರು, ಇಬ್ಬರೂ ಖರೆ ಇದ್ದಾರೋ ಇಲ್ಲವೋ ಎಂದು ಎರಡೂ ಕಡೆ ಕೇಳಿಯೇ ತಂತಿ ಜೋಡಿಸುತ್ತಿದ್ದರು. ಆ ಚಾಳಿ ಇನ್ನೂ ಹೋಗಿಲ್ಲ. ನನ್ನ ಹೆಂಡತಿ ಇವತ್ತಿಗೂ ಹುಕ್ಕೇರಿಗೆ ಫೋನು ಹಚ್ಚಿ “ಅವ್ವಾ, ನಾನs” ಎಂದರೆ ಆ ಕಡೆಯಿಂದ ಬರುವ ಪ್ರಶ್ನೆ, “ನಾನs ಅಂದ್ರ ಯಾರು? ಯಾವೂರಿಂದ ಮಾತಾಡಾಕತ್ತೀರಿ?” ಅವರಿಗಿರುವುದು ಒಬ್ಬಳೇ ಮಗಳು!

ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ, ಅಳಿಯನ ತಪ್ಪು ಹುಡುಕುತ್ತಾರೆ. ಇವರು ಮೂರನೆಯದನ್ನು ಮಾತ್ರ ಇಟ್ಟುಕೊಂಡು, ಉಳಿದೆರಡರ ಬದಲು ಮೊಬೈಲಿನಲ್ಲಿ ವೀಡಿಯೋ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತರು. ಊರಿನ ಫೋಟೋ ಸ್ಟುಡಿಯೋದವನು ಮಾರಿದ ಹಳೆಯ ಮ್ಯಾಕ್ ಕಂಪ್ಯೂಟರನ್ನು ತಂದು, ದೇವರಕೋಣೆಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದರು. ಕಲಿತು ದೊಡ್ಡದೇನಾದರೂ ಮಾಡಿದರೇ? ಇಲ್ಲ. ಅವರು ಬರೆಯುವ ಕೋಡೆಲ್ಲ ಚಿಲ್ಲರೆ ಮನೆಗೆಲಸ. ಈ ಫೈಲು ಇದೆಯೇ ನೋಡು. ಈ ಹೆಸರಿನ ಫೋಲ್ಡರು ಇಲ್ಲದಿದ್ದರೆ ಒಂದು ಮಾಡು. ಇಲ್ಲಿಂದ ಎತ್ತಿ ಅಲ್ಲಿಡು. ಇಟ್ಟ ಮೇಲೆ ಎರಡೂ ಕಡೆ ತೂಕ ಒಂದೇ ಇದೆಯೇ ನೋಡು. ಜಾಗ ಎಷ್ಟು ಉಳಿದಿದೆ ಹೇಳು. ಆದರೆ ಇದೆಲ್ಲ ಯಾವ ಕಂಪ್ಯೂಟರಿನಲ್ಲಿ ಓಡಿಸಿದರೂ, ಒಂದಕ್ಷರ ಬದಲಿಸದೆ, ಹಾಗೇ ಓಡಬೇಕು. ಅದೇ ಅವರ ಹಟ.

“ಯಾಕ್ರಿ ಅಷ್ಟು ತ್ರಾಸು? ಕಂಪ್ಯೂಟರ್ ಅಂದ್ರ ಎಲ್ಲಾ ಒಂದ ಅಲ್ಲೇನ್ರಿ?” ಎಂದು ಕೇಳಿ ಸಿಕ್ಕಿಬಿದ್ದೆ.

“ಅಳಿಯಂದ್ರ, ಗೋಕಾಕದಾಗ ನೀವು ಚಪ್ಪಲಿ ಎಲ್ಲಿ ಬಿಡ್ತೀರಿ?”

“ಬಾಗಲದ ಹೊರಗ.”

“ಮೂಡಲಗ್ಯಾಗ ನಿಮ್ಮಕ್ಕಾರು?”

“ಒಳಗ, ಸ್ಟ್ಯಾಂಡಿನ ಮ್ಯಾಲ.”

“ನಮ್ಮಲ್ಲೆ?”

“ಒಳಗ, ಅಟ್ಟಾ ಹತ್ತೂ ಪಾವಟಗಿ ಕೆಳಗ. ಹೊರಗ ಬಿಟ್ರ ನಾಯಿ ಒಯ್ತೈತಿ ಅಂತೀರಲ್ರಿ.”

“ಹಾಂ. ಈಗ ಒಬ್ಬಾಂವ, ನಾ ಹೊರಗ ಬಿಡಾಂವ ಅಂತ ಎಲ್ಲಾರ ಮನ್ಯಾಗೂ ಹೊರಗ ಬಿಟ್ಟ್ರ?”

“ಹುಕ್ಕೇರಿಂದ ಬರಿಗಾಲಿಲೆ ಹೋಗ್ತಾನ.”

“ಅಷ್ಟ ನೋಡ್ರಿ. ನನ್ನ ಕೋಡು ಹೊಸ್ತಲದಾಗ ನಿಂತು, ಇದು ಯಾರ ಮನಿ, ಇಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳಿ ಒಳಗ ಬರ್ತೈತಿ. ನಿಮ್ಮಂಗ ಸೀದಾ ಅಡಗಿಮನಿಗೆ ಬರೂದಿಲ್ಲ.”

ಈ ವಿಚಿತ್ರ ವಿದ್ಯೆ ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಂತದ್ದು ಮಗಳ ಪರೀಕ್ಷೆಯ ವರ್ಷ. ಅವಳಿಗೆ ಬ್ರೈಲ್ ಬರುತ್ತದೆ; ಆದರೆ ಕೇಳಿ ಕಲಿಯುವುದೇ ಇಷ್ಟ. ಯಾರು ಯಾವ ಪಾಠ ಓದಿ ರೆಕಾರ್ಡ್ ಮಾಡಬೇಕೆಂದು ವರ್ಷದ ಆರಂಭದಲ್ಲಿಯೇ ಖಾತೆ ಹಂಚಿದಳು. ಕನ್ನಡ, ಅವಳ ಅವ್ವ. ವಿಜ್ಞಾನ, ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನನ್ನ ಅಕ್ಕ, ಅವಳು ಬಿ.ಎಸ್ಸಿ. ಸಮಾಜ ವಿಜ್ಞಾನ, ಹುಕ್ಕೇರಿಯ ಆಯಿ, ಅಂದರೆ ನಮ್ಮ ಅತ್ತೆ. ಸಮಾಜ ವಿಜ್ಞಾನದ ಮಾಸ್ತರನಾಗಿ ಅರ್ಧ ಆಯುಷ್ಯ ಕಳೆದಿರುವ ನಾನು ಅಲ್ಲೇ ಕುಳಿತಿದ್ದೆ.

“ನಾ ಓದ್ಲಿ ಏನವಾ?” ಎಂದೆ.

“ಬ್ಯಾಡಪ್ಪಾ. ನೀ ರಾಜನ ಪಟ್ಟಾಭಿಷೇಕ ಓದಿದ್ರೂ, ಪಾಪ ಅವನಿಗೆ ಮುಂದ ಏನ್ ಕಾದೈತೋ ಅಂತ ಕೇಳಸ್ತೈತಿ.”

ಹೀಗೆ ಮೂರೂರಿನಲ್ಲಿ ಓದುವುದು, ಮೂರೂರಿನ ಕಂಪ್ಯೂಟರಿನಲ್ಲಿ ಇಡುವುದು, ಎಲ್ಲವನ್ನೂ ಒಟ್ಟುಮಾಡಿ ಅವಳ ಪ್ಲೇಯರಿಗೆ ತುಂಬುವುದು ಎಂದಾಯಿತು. ನಮ್ಮ ಮನೆಯದು ವಿಂಡೋಸ್. ಅತ್ತೆಯವರದು ಮ್ಯಾಕ್. ಅಕ್ಕನದು, ರಿಪೇರಿಯವನು “ಇದಕ್ಕ ಇನ್ನೇನೂ ತಡ್ಯಾಂಗಿಲ್ರಿ” ಎಂದು ಕೈಚೆಲ್ಲಿ ಲಿನಕ್ಸ್ ಹಾಕಿಕೊಟ್ಟ ಮುದಿ ಯಂತ್ರ. ಮೂಡಲಗಿಯಲ್ಲಿ ನೆಟ್ಟು ಅತಿಥಿಯ ಹಾಗೆ, ಬಂದರೆ ಬಂತು. ಆದ್ದರಿಂದ ಪೆನ್‌ಡ್ರೈವೇ ಗತಿ. ಅದರಲ್ಲಿ ಅತ್ತೆಯವರ ಒಂದೇ ಒಂದು ಪ್ರೋಗ್ರಾಮು. ಹಚ್ಚಿ ಓಡಿಸಿದರೆ ಅದು ತಾನೇ ಪಾಠಗಳನ್ನು ಹುಡುಕಿ ತುಂಬಿಕೊಳ್ಳಬೇಕು.

ಅದನ್ನು ಪರೀಕ್ಷಿಸಲು ಅತ್ತೆಯವರು ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಖುದ್ದಾಗಿ ಮೂಡಲಗಿಗೆ ಹೊರಟರು. ಜೊತೆಗೆ ನಾನು, ಗಂಟು ಬಿಚ್ಚಿಹೋದೀತೆಂದು ಸೆರಗಿನ ಮೇಲೊಂದು ಕಣ್ಣಿಟ್ಟು. ಬಸ್ಸಿನಲ್ಲಿ ಅಳಿಯ ಅತ್ತೆಯ ಸೆರಗು ನೋಡುತ್ತ ಕುಳಿತರೆ ಜನ ಏನಂದಾರು ಎಂಬ ಇನ್ನೊಂದು ಚಿಂತೆ ಘಟಪ್ರಭೆ ದಾಟುವ ಹೊತ್ತಿಗೆ ಶುರುವಾಯಿತು. ಮುಂದೆ ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕುಳಿತೆ. ಅವರು ಹತ್ತು ಮಾರಿಗೊಮ್ಮೆ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಗಿರಣಿಯಲ್ಲಿ ಜೋಳ ಬೀಸಿಸಲು ಬಂದ ಹೆಣ್ಣುಮಕ್ಕಳೆಲ್ಲ ಡಬ್ಬಿ ಬುಟ್ಟಿ ಬಿಟ್ಟು ಸುತ್ತ ನಿಂತರು.

“ಏನ್ರಿ ಆಯಿ, ಇದು ಹಿಟ್ಟು ತೂಗ್ತೈತೇನ್ರಿ?”

“ಇಲ್ಲವಾ, ಪಾಠ ತೂಗ್ತೈತಿ.”

“ಹಂಗಾದ್ರ ನಮ್ಮ ಮನ್ಯಾಂವ್ನ ಕೂಡ್ರಸ್ರಿ. ಅವ್ನ ತಲ್ಯಾಗ ಏನರ ಐತೋ ಇಲ್ಲೋ ಗೊತ್ತರ ಆಗ್ಲಿ.”

ನಗೆಯ ನಡುವೆ ಪ್ರೋಗ್ರಾಮು ಓಡಿತು. ಅರ್ಧಕ್ಕೆ ನಿಂತಿತು. ಇಲ್ಲ ಎಂದು ಒಂದು ಮಾತು ತಿಳಿಸಿ, ಸಮಾಧಾನದಿಂದ ಹೊರಗೆ ಬಂತು. ನನ್ನ ಎದೆ ಮಾತ್ರ ಸಮಾಧಾನದಿಂದ ಇರಲಿಲ್ಲ. ಅತ್ತೆಯವರು ಕನ್ನಡಕ ಏರಿಸಿ ನೋಡಿದರು. ಅಕ್ಕ ಪ್ರತಿ ಪಾಠಕ್ಕೂ ಹೆಸರಿನ ಬದಲು ಪ್ರಶ್ನೆ ಬರೆದಿಟ್ಟಿದ್ದಳು: ‘ಬೆಳಕು ಯಾಕೆ ಬಾಗುತ್ತದೆ?’, ‘ಲೋಹ ಯಾಕೆ ತುಕ್ಕು ಹಿಡಿಯುತ್ತದೆ?’ ಅವಳ ಲಿನಕ್ಸಿಗೆ ಅದು ಒಪ್ಪಿಗೆ. ಆದರೆ ಪೆನ್‌ಡ್ರೈವಿನದು ವಿಂಡೋಸಿನ ಪದ್ಧತಿ; ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಒಳಗೇ ಬಿಟ್ಟುಕೊಳ್ಳದು.

“ನಿಮ್ಮ ಮನಿ ಪದ್ಧತಿ ನೋಡ್ರಿ ಅಳಿಯಂದ್ರ, ಪ್ರಶ್ನಿ ಕೇಳಿದ್ರ ಆಗೂದಿಲ್ಲ” ಎಂದರು ಅತ್ತೆ.

“ಪ್ರಶ್ನಿ ಇಲ್ಲದ ವಿಜ್ಞಾನ ಹೆಂಗ ಆಕ್ಕೈತ್ರಿ?” ಎಂದು ಅಕ್ಕ ಸಿಟ್ಟಾದಳು.

ಇಬ್ಬರ ನಡುವೆ ಮಾತು ಏರಿತು. ಗಿರಣಿ ನಿಂತಿತ್ತು, ಜೋಳ ಕಾಯುತ್ತಿತ್ತು, ಹೆಂಗಸರು ಎರಡು ಪಕ್ಷವಾದರು. ಕೊನೆಗೆ ಅತ್ತೆಯವರು ಎಕ್ಸ್‌ಚೇಂಜಿನ ದನಿಯಲ್ಲಿ ತೀರ್ಪು ಕೊಟ್ಟರು: “ಹೆಸರು ನಿಮ್ಮ ಕಂಪ್ಯೂಟರಿನ್ಯಾಗ ಹಂಗ ಇರ್ಲಿ. ನನ್ನ ಕೋಡು ಒಯ್ಯೂ ಮುಂದ ಬರೇ ನಂಬರ್ ಹಚ್ಚತೈತಿ. ಒಂದು, ಎರಡು, ಮೂರು. ನಂಬರಿಗೆ ಯಾವ ಮನ್ಯಾಗೂ ತಕರಾರಿಲ್ಲ.”

ಎಲ್ಲರೂ ಒಪ್ಪಿದರು. ಅಕ್ಕ ಚಹಾ ಮಾಡಿದಳು. ಅತ್ತೆಯವರು ಕಪ್ಪಿನೊಳಗೆ ಬಗ್ಗಿ ನೋಡಿ ಕುಡಿದರು.

ಅವರ ಇನ್ನೊಂದು ಗುಣ ಹೇಳಲೇಬೇಕು. ಅವರ ಕೋಡು ಏನನ್ನೂ ಅಳಿಸುವುದಿಲ್ಲ. ಅಳಿಸು ಎಂದರೆ ಅದು “ಖರೇನ?” ಎಂದು ಕೇಳುತ್ತದೆ. ಹೌದೆಂದರೆ, ಬೇರೆ ಫೋಲ್ಡರಿನಲ್ಲಿ ಮುಚ್ಚಿಟ್ಟು ಅಳಿಸಿದ ಹಾಗೆ ನಟಿಸುತ್ತದೆ. ನಮ್ಮ ಮನೆಗೆ ಬಂದರೆ ಫ್ರಿಜ್ಜಿನಲ್ಲೂ ಅದೇ ಕಾಯ್ದೆ. ಮೊನ್ನೆಯ ಪಲ್ಯ ಸೀದಾ ಹೊರಗೆ ಹೋಗಕೂಡದು. ಮೊದಲು ಕೆಳಗಿನ ಅರೆಗೆ ಇಳಿಯಬೇಕು, ಯಾರೂ ಕೇಳದಿದ್ದರೆ ಮಾರನೆಯ ದಿನ ಹೊರಗೆ. ಒಮ್ಮೆ ಬೇಸತ್ತು ಕೇಳಿದೆ:

“ಇಷ್ಟೆಲ್ಲಾ ನೋಡ್ತೀರಿ. ಮಗಳನ್ನ ನನಗ ಕೊಡೂ ಮುಂದೂ ಹಿಂಗ ಪರೀಕ್ಷಾ ಮಾಡಿದ್ರೇನ್ರಿ?”

“ಮಾಡದ ಬಿಡ್ತೀನೇನ್ರಿ? ನಿಮ್ಮನ್ನ ನೋಡಿದಾಗ ವಾರ್ನಿಂಗ್ ಬಂತು, ಎರರ್ ಬರ್ಲಿಲ್ಲ. ವಾರ್ನಿಂಗ್ ಬಂದ್ರ ನಡೀತೈತ್ರಿ.”

ಒಳಗಿನಿಂದ ನನ್ನ ಹೆಂಡತಿ, “ದಿನಾ ಬರ್ತೈತಿ ಅವ್ವಾ” ಎಂದಳು.

ನಗಬೇಡಿ. ಆ ವರ್ಷ ನಾನು ನಿಶ್ಚಿಂತೆಯಾಗಿ ಮಲಗಿದ್ದೇ ಅವರಿಂದ. ನನ್ನ ಸಲುವಾಗಿ ಚಿಂತೆ ಮಾಡುವ ಕೆಲಸವನ್ನು ಅವರು ಮೂವತ್ತು ಸಾಲಿನ ಕೋಡಿಗೆ ವಹಿಸಿಬಿಟ್ಟಿದ್ದರು. ಫೈಲು ಅರ್ಧ ದಾಟಿದರೆ? ಅದು ತಿರುಗಿ ದಾಟಿಸುತ್ತದೆ. ಹಳೆಯ ಪಾಠದ ಮೇಲೆ ಹೊಸದು ಕುಳಿತರೆ? ಅದು ಕೂರಗೊಡುವುದಿಲ್ಲ. ನಾನು ಯಾವುದಕ್ಕೆ ಹೆದರಬೇಕೆಂದು ಹುಡುಕಿಕೊಂಡು ಹೋದಲ್ಲೆಲ್ಲ ಅತ್ತೆಯವರು ಮೊದಲೇ ಹೋಗಿ, ಹೆದರಿ, ಏರ್ಪಾಡು ಮಾಡಿ ಬಂದಿರುತ್ತಿದ್ದರು. ಹೆದರುವುದನ್ನು ಇಷ್ಟು ಉಪಯೋಗಕ್ಕೆ ತರಬಹುದೆಂದು ನನಗೆ ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು.

ಪರೀಕ್ಷೆ ಬಂತು. ಮಗಳು ಉತ್ತರ ಹೇಳಿದಳು, ಅವಳ ಪರವಾಗಿ ಬರೆಯಲು ನೇಮಿಸಿದ ಹುಡುಗಿ ಪಕ್ಕದಲ್ಲಿ ಕುಳಿತು ಬರೆದಳು. ಅಷ್ಟೂ ದಿನ ನಾನು ಶಾಲೆಯ ಕಾಂಪೌಂಡಿನ ಹೊರಗೆ ಬೇವಿನ ಗಿಡಕ್ಕೆ ಆತು ನಿಂತಿದ್ದೆ. ಫಲಿತಾಂಶವೂ ಬಂತು. ಫಸ್ಟ್ ಕ್ಲಾಸು! ಸಮಾಜ ವಿಜ್ಞಾನದಲ್ಲಿ ಎಲ್ಲಕ್ಕಿಂತ ಹೆಚ್ಚು.

ಅವತ್ತು ಎಲ್ಲರೂ ಗೋಕಾಕಕ್ಕೆ ಬಂದರು. ಅಕ್ಕ ಕರದಂಟಿನ ಡಬ್ಬಿ ತಂದಳು. ಅತ್ತೆಯವರು ಮೊಮ್ಮಗಳ ಎರಡೂ ಕೈ ಹಿಡಿದುಕೊಂಡು ಕುಳಿತರು. ಒತ್ತಿ ನೋಡುವುದನ್ನು ಮರೆತು, ಕುರ್ಚಿಯ ಮೇಲೆ ಹಾಗೇ ಕುಳಿತುಬಿಟ್ಟರು.

“ಇತಿಹಾಸ ಅಷ್ಟು ಚಲೋ ಹೆಂಗ ನೆನಪಿಟ್ಟಿ ನನ ಕೂಸ?”

ಮಗಳು ಕರದಂಟು ಜಗಿಯುತ್ತಾ, “ಹೆಂಗ ಮರೀಲಿ ಆಯಿ? ನೀ ಮೊದಲ ದೇಶಕ್ಕ ಸ್ವಾತಂತ್ರ್ಯ ಕೊಡಿಸಿದಿ. ಆಮ್ಯಾಲ ಇಂಗ್ಲಿಷರನ್ನ ಕರೆಸಿದಿ” ಎಂದಳು.

ಎಲ್ಲರೂ ನಕ್ಕರು. ಅತ್ತೆಯವರು ನಗಲಿಲ್ಲ. ಪ್ಲೇಯರನ್ನು ತರಿಸಿ ಗುಂಡಿ ಒತ್ತಿದರು. ಅವರದೇ ದನಿ ಗತ್ತಿನಿಂದ ಹೇಳಿತು, “ಪಾಠ ಒಂದು.” ಮುಂದಕ್ಕೆ ಒತ್ತಿದರು. “ಪಾಠ ಹತ್ತು.” ಮತ್ತೆ ಒತ್ತಿದರು. “ಪಾಠ ಹನ್ನೊಂದು.” ಎರಡನೆಯ ಪಾಠ ಎಲ್ಲೋ ಹಿಂದೆ, ಪಾಳಿ ತಪ್ಪಿಸಿಕೊಂಡವರ ಹಾಗೆ ನಿಂತಿತ್ತು. ಹೆಸರೆಂದು ಹಚ್ಚಿದ ನಂಬರನ್ನು ಪ್ಲೇಯರು ಎಣಿಸುವುದಿಲ್ಲ, ಮೊದಲ ಅಂಕಿ ಅಷ್ಟೇ ನೋಡುತ್ತದೆ. ಒಂದರಿಂದ ಶುರುವಾಗುವವರೆಲ್ಲ ಮುಂದೆ ಬಂದು ನಿಂತುಬಿಡುತ್ತಾರೆ. ಹತ್ತರ ಜೊತೆ ಸರಿಯಾಗಿ ನಿಲ್ಲಲು ಒಂದರಿಂದ ಒಂಬತ್ತರವರೆಗೆ ಎಡಕ್ಕೊಂದು ಸೊನ್ನೆ ಬೇಕಿತ್ತು. ಜಗತ್ತಿನಲ್ಲಿ ಎಲ್ಲವನ್ನೂ ಕೇಳಿ ನೋಡಿದ ಅತ್ತೆಯವರು ಅದೊಂದನ್ನು ಕೇಳಿರಲಿಲ್ಲ.

“ಹೇಳಬಾರದಿತ್ತೇನ?” ಅವರ ದನಿ ಸಣ್ಣಗಾಗಿತ್ತು. “ಮೊದಲನೇ ದಿನ ಫೋನ್ ಹಚ್ಚಿ ಕೇಳಿದ್ನಲ್ಲವಾ, ಎಲ್ಲಾ ಸರಿ ಬಂದೈತೇನ ಅಂತ. ಸರಿ ಐತಿ ಅಂದಿ.”

“ಕೇಳಿದಿ. ಕೇಳಿ ಉಸಿರು ಹಿಡಕೊಂಡಿದ್ದಿ, ಆಯಿ. ನನಗ ಕೇಳಿಸ್ತು. ಸರಿ ಐತಿ ಅಂದ ಕೂಡ್ಲೆ ಉಸಿರು ಬಿಟ್ಟಿ.”

ಅಕ್ಕ ಡಬ್ಬಿಯ ಮುಚ್ಚಳ ಹಾಕಿ ಮತ್ತೆ ತೆಗೆದಳು. ಅತ್ತೆಯವರು ಮೊಮ್ಮಗಳ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು, ಬಹಳ ಹೊತ್ತು ಬಿಡಲಿಲ್ಲ.

ವರ್ಷವಿಡೀ ಅಷ್ಟು ಚಿಂತೆ ಮಾಡಿದ ನಮ್ಮ ಮನೆಯಲ್ಲಿ ಕೊನೆಗೂ ಕೆಟ್ಟದ್ದು ಇಷ್ಟೇ: ಒಂದಾದ ಮೇಲೆ ಹತ್ತು ಬಂತು.