ಭಾವನವರಿಗೆ ಕೇಳಿಸಲಿಲ್ಲ

ನಮ್ಮ ಭಾವನವರಷ್ಟು ಪರೀಕ್ಷೆಗಳನ್ನು ಪಾಸು ಮಾಡಿದವರು ಈ ಹೈದರಾಬಾದಿನಲ್ಲಿ ಇನ್ನೊಬ್ಬರಿಲ್ಲ. ಅದರಲ್ಲಿ ಒಂದನ್ನೂ ಅವರು ಬರೆದಿರಲಿಲ್ಲ, ಅಷ್ಟೆ! ಬರೆದವರೆಲ್ಲ ಓಣಿಯ ಮಕ್ಕಳು. ಮಗು ಪಾಸಾದರೆ ಭಾವನವರು "ಈ ವರ್ಷಾನೂ ನಾ ಪಾಸಾದೆ" ಎಂದು ಮೀಸೆ ತಿರುವುತ್ತಿದ್ದರು. ಆಗದಿದ್ದರೆ "ಹುಡುಗ ಫೇಲಾದ, ಪಾಪ" ಎನ್ನುತ್ತಿದ್ದರು. ಇಂಥ ಅನುಕೂಲದ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು.

ಮೊಮ್ಮಕ್ಕಳೇ, ಇವರು ನಿಮ್ಮ ಅಜ್ಜನ ಅಣ್ಣ, ನಿಮ್ಮ ಅಮ್ಮನಿಗೆ ದೊಡ್ಡಪ್ಪ. ಹೆಸರೇನೆಂದು ಕೇಳಬೇಡಿ. ಭಾವನ ಹೆಸರನ್ನು ಬಾಯಿಂದ ಹೇಳಿದವಳಲ್ಲ ನಾನು. ಈಗ ಕೈಯೂ ಬರೆಯಲು ಒಪ್ಪುತ್ತಿಲ್ಲ.

ಆಗ ಹೈದರಾಬಾದು ಇಡೀ ಆಂಧ್ರದ ರಾಜಧಾನಿ, ಸರಕಾರಿ ಕಚೇರಿಗಳೆಲ್ಲ ಇಲ್ಲಿಯೇ. ಅಂಥದೊಂದು ಕಚೇರಿಯಲ್ಲಿ ಭಾವನವರು ಹಗಲೆಲ್ಲ ಫೈಲುಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸುತ್ತಿದ್ದರು. ಅದೇನು ದೊಡ್ಡ ದಣಿವಿನ ಕೆಲಸವಲ್ಲವಲ್ಲ, ಹೀಗಾಗಿ ಸಂಜೆಗೆ ಸಾಕಷ್ಟು ಶಕ್ತಿ ಉಳಿದಿರುತ್ತಿತ್ತು. ನಾರಾಯಣಗೂಡದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಐದನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು, ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಆ ಶಾಲೆಗಳಲ್ಲಿ ಓದು, ಊಟ, ವಸತಿ ಎಲ್ಲ ಪುಕ್ಕಟೆ. ಸೀಟು ಮಾತ್ರ ಕೆಲವೇ ಕೆಲವು. ಮೊದಲು ಬರಹದ ಪರೀಕ್ಷೆ, ಅದರಲ್ಲಿ ತೇರ್ಗಡೆಯಾದವರಿಗೆ ಸಂದರ್ಶನ.

ಭಾವನವರ ಸಿದ್ಧಾಂತ ಒಂದೇ. "ಬರಿಯೂದು ಯಾರರ ಬರೀತಾರ. ಇಂಟರ್‌ವ್ಯೂದಾಗ ದನಿ ಬೇಕು, ದನಿ." ಹಾಗಾಗಿ ಯಾವ ಮಗು ಏನು ಹೇಳಿದರೂ ಅವರ ಮೊದಲ ಉತ್ತರ, "ಕೇಳಸಲಿಲ್ಲ." ಒಂದು ಹುಡುಗಿ ಮೆಲ್ಲಗೆ, ಸರಿಯಾಗಿಯೇ, "ಏಳೆಂಟ್ಲೆ ಐವತ್ತಾರು" ಎಂದಳು. ಕೇಳಸಲಿಲ್ಲ. ಪಕ್ಕದ ಹುಡುಗ ಗೋಡೆ ಬಿರಿಯುವಂತೆ "ಐವತ್ನಾಲ್ಕು" ಎಂದು ಕಿರುಚಿದ. ಅವನಿಗೆ ಪೆಪ್ಪರಮಿಂಟು! ಆ ಹುಡುಗ ಈಗ ಎಲ್ಲಿದ್ದಾನೋ, ಯಾವ ಲೆಕ್ಕವನ್ನು ಎಷ್ಟು ಧೈರ್ಯದಿಂದ ತಪ್ಪು ಮಾಡುತ್ತಿದ್ದಾನೋ.

ಇನ್ನು ಅವರ ಕೋಟು. ಅದು ಕರಿಯ ಉಣ್ಣೆಯ ಕೋಟು. ಸಂದರ್ಶನದ ಅಭ್ಯಾಸಕ್ಕೆ ಭಾವನವರೇ ಪ್ರಿನ್ಸಿಪಾಲರಾಗಬೇಕು, ಕೋಟಿಲ್ಲದ ಪ್ರಿನ್ಸಿಪಾಲರು ಎಲ್ಲಾದರೂ ಉಂಟೇ? ಹೈದರಾಬಾದಿನ ಬೇಸಿಗೆಯಲ್ಲಿ ನಾವೆಲ್ಲ ಒದ್ದೆ ಬಟ್ಟೆ ತಲೆಯ ಮೇಲೆ ಹಾಕಿಕೊಂಡು ಕುಳಿತಿರುವಾಗ, ಇವರು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಇಡ್ಲಿಯಂತೆ ಬೇಯುತ್ತಿದ್ದರು. ಬಾಗಿಲಿಗೆ ಬಂದವರು "ಮೇ ಐ ಕಮ್ ಇನ್ ಸರ್" ಎನ್ನದೆ ಒಳಗೆ ಬರುವಂತಿಲ್ಲ. ಒಮ್ಮೆ ಹಾಲಿನವನು ಹೊಸ್ತಿಲಲ್ಲಿ ನಿಂತು "ಅಂದರ್ ಆನಾ ಕ್ಯಾ, ಸಾಬ್?" ಎಂದು ಒಳಗೆ ಬರಲು ಕೇಳಿದ. ಭಾವನವರು ಕೇಳಿಸಲಿಲ್ಲ ಎಂದರು. ಅವನು ಮತ್ತೆ ಕೇಳಿದ, ಇವರು ಮತ್ತೆ ಕೇಳಿಸಲಿಲ್ಲ ಎಂದರು. ಅವನು ಕ್ಯಾನು ಎತ್ತಿಕೊಂಡು ಹೊರಟುಹೋದ. ಆ ದಿನ ಇಡೀ ಮನೆ ಕರಿ ಚಹಾ ಕುಡಿಯಿತು. ಭಾವನವರಿಗೂ ಅದೇ ಸಿಕ್ಕಿತು ಎಂಬುದಷ್ಟೇ ನಮ್ಮ ಸಮಾಧಾನ.

ಸಂದರ್ಶನದ ದಿನ ಮಕ್ಕಳಿಗೆ ಊಟ ಹಾಕಿ, ಹೇಗೆ ತಿನ್ನುತ್ತಾರೆಂದು ನೋಡುತ್ತಾರೆ ಎಂದು ಯಾರೋ ಇವರ ಕಿವಿಯಲ್ಲಿ ಊದಿದರು. ಮರುದಿನವೇ ಮುಳ್ಳುಚಮಚ ಮತ್ತು ಚಾಕು ಬಂದವು. ನಮ್ಮ ಮನೆಯ ಊಟವೋ, ಹಪ್ಪಳದಂತೆ ಒಣಗಿದ ಕಟಕ್ ಜೋಳದ ರೊಟ್ಟಿ! ಆ ವರ್ಷ ಐದನೆಯ ತರಗತಿಯಲ್ಲಿದ್ದ ನಿಮ್ಮ ಅಮ್ಮ ಎಡಗೈಯಲ್ಲಿ ಮುಳ್ಳು ಹಿಡಿದು ರೊಟ್ಟಿಗೆ ಚುಚ್ಚಿದಳು. ಅರ್ಧ ರೊಟ್ಟಿ ಹಾರಿ ಕಿಟಕಿಯಾಚೆ, ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಭಾವನವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ, ಒಲೆಯ ಮುಂದಿನಿಂದಲೇ ಕೇಳಿದರು, "ಅಲ್ರೀ, ದೇವರು ಕೈ ಕೊಟ್ಟಾನಲ್ಲ, ಅದು ಫೇಲಾಗೇತೇನು?"

"ನಿನಗ ತಿಳಿಯೂದಿಲ್ಲ."

"ತಿಳಿಯೂದಿಲ್ಲ ಖರೆ. ಆದರ ನನಗ ರೊಟ್ಟಿ ತಿನ್ನಾಕ ಬರತೈತಿ."

ಇಷ್ಟೆಲ್ಲಕ್ಕೂ ನಾನು ಅಡಿಗೆಮನೆಯಲ್ಲಿ ಸೆರಗಿನ ಮರೆಯಲ್ಲಿ ನಕ್ಕದ್ದೇ ಹೊರತು ಒಂದು ಮಾತೂ ಆಡಿದವಳಲ್ಲ. ಆಡುವಂತಿರಲಿಲ್ಲ. ನಮ್ಮವರಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಹೇಳಬೇಕಾದದ್ದನ್ನು ಮಗುವಿನ ಮೂಲಕ ಹೇಳಬೇಕು. "ದೊಡ್ಡಪ್ಪಗ ಊಟಕ್ಕ ಏಳ್ರಿ ಅಂತ ಹೇಳವ್ವಾ." ಅಲ್ಲಿಯೇ ಕುಳಿತ ಭಾವನವರು, "ಬಂದೆ ಅಂತ ಹೇಳು." ಮಗು ಮನೆಯಲ್ಲಿಲ್ಲದಿದ್ದರೆ ನಾನು ಗೋಡೆಗೆ ಹೇಳುತ್ತಿದ್ದೆ. ಗೋಡೆ ಎಂದೂ ಕೇಳಿಸಲಿಲ್ಲ ಎನ್ನುತ್ತಿರಲಿಲ್ಲ.

ನಿಮ್ಮ ಅಜ್ಜ ತೀರಿಹೋದ ಮೇಲೆ ನಾನೂ ನಿಮ್ಮ ಅಮ್ಮನೂ ಭಾವನವರ ಆಸರೆಯಲ್ಲಿ ಇದ್ದೆವು. ನನ್ನ ತವರಿನವರು ಮಗಳನ್ನು ಕರೆದುಕೊಂಡು ಊರಿಗೆ ಬಾ ಎನ್ನುತ್ತಿದ್ದರು. ಆ ಊರಿನಲ್ಲಿ ಶಾಲೆ ಇದ್ದದ್ದು ನಾನು ಓದಿದಷ್ಟೇ. ಅದರಾಚೆ ಹುಡುಗಿಗೆ ಒಲೆ. ಹುಡುಗಿಯರ ವಸತಿ ಶಾಲೆಯಲ್ಲಿ ಸೀಟು ಸಿಕ್ಕರೆ ನಿಮ್ಮ ಅಮ್ಮ ಓದುತ್ತಾಳೆ, ಸಿಗದಿದ್ದರೆ ನನ್ನಂತಾಗುತ್ತಾಳೆ. ನನಗೆ ಇದ್ದ ಚಿಂತೆ ಅದೊಂದೇ.

ಬರಹದ ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾದಳು. ಸಂದರ್ಶನಕ್ಕೆ ಮಗುವಿನೊಂದಿಗೆ ಹಿರಿಯರೊಬ್ಬರು ಬರಬೇಕು, ಅವರನ್ನೂ ಪ್ರಶ್ನೆ ಕೇಳುತ್ತಾರೆ ಎಂದು ಸುದ್ದಿ ಬಂತು.

"ನೀವ ಹೋಗಿ ಬರ್ರಿ. ಕೋಟರೆ ಐತಿ" ಎಂದರು ಅಕ್ಕ.

"ತಾಯಿ ಇದ್ದಾಳಲ್ಲ. ತಾಯಿ ಹೋಗ್ತಾಳ."

"ಆಕಿ ಬಾಯಿ ಬಿಡೂದಿಲ್ರೀ. ಹುಡುಗಿ ಸೀಟು ಕಳೀತೀರಿ ನೀವು."

"ಬಿಡಸೂಣು."

ನನಗೆ ಮೈಯೆಲ್ಲ ಉರಿಯಿತು. ಎಷ್ಟೋ ಮಕ್ಕಳ ಮುಂದೆ ಕೋಟು ಹಾಕಿಕೊಂಡು ಮೆರೆದವರಿಗೆ, ಒಂದು ದಿನ ನಿಜವಾಗಿ ಉಪಯೋಗಕ್ಕೆ ಬಾ ಎಂದರೆ ಹಿಂದೇಟು!

ಮರುದಿನದಿಂದ ನನ್ನ ಟ್ಯೂಷನ್ ಶುರುವಾಯಿತು. ಭಾವನವರು ಪಡಸಾಲೆಯ ಬಾಗಿಲಿಗೆ ಬೆನ್ನು ಮಾಡಿ, ಬೀದಿಗೆ ಮುಖ ಮಾಡಿ, ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂಡುತ್ತಿದ್ದರು. ಬಾಗಿಲ ಪರದೆಯ ಹಿಂದೆ ನಾನು. ಅವರು ಬೀದಿಗೆ ಕೇಳುತ್ತಿದ್ದರು, "ಮಗಳನ್ನ ಯಾಕ ಹಾಸ್ಟೆಲ್‌ನಾಗ ಬಿಡಾಕತ್ತೀರಿ?" ನಾನು ಪರದೆಗೆ ಪಿಸುಗುಟ್ಟುತ್ತಿದ್ದೆ. "ಕೇಳಸಲಿಲ್ಲ." ಉತ್ತರವನ್ನೂ ಅವರೇ ಹೆಣೆದುಕೊಟ್ಟಿದ್ದರು: ಶಿಸ್ತು, ಸಂಸ್ಕಾರ, ದೇಶಸೇವೆ. ಮೂರನ್ನೂ ಒಟ್ಟಿಗೆ ಹೇಳಲು ನನಗೆ ಉಸಿರು ಸಾಲುತ್ತಿರಲಿಲ್ಲ. ಕೇಳಸಲಿಲ್ಲ, ಕೇಳಸಲಿಲ್ಲ! ಎದುರುಮನೆಯ ತೆಲುಗು ಹೆಂಗಸು ಗಾಬರಿಯಿಂದ ಬಂದು ಅಕ್ಕನನ್ನು ಕೇಳಿದಳು, "ಸಾರು ಎವರಿತೋ ಮಾಟ್ಲಾಡುತುನ್ನಾರು?" ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂದು. "ರೋಡ್ಡುತೋ", ರಸ್ತೆಯೊಂದಿಗೆ, ಎಂದರು ಅಕ್ಕ.

ಸೀಟು ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಸಿಗದಿದ್ದರೆ ನಿಮ್ಮ ಅಮ್ಮ ಇಂಗ್ಲಿಷಿನಲ್ಲಿ ನಿಮ್ಮನ್ನು ಗದರಿಸುತ್ತಿದ್ದಳೇ? ಫಲಿತಾಂಶ ಬಂದಾಗ ಭಾವನವರು ಎಂದಿನಂತೆ "ನಾ ಪಾಸಾದೆ" ಎಂದು ಓಣಿಗೆಲ್ಲ ಪೇಢೆ ಹಂಚಿದರು. ಅದು ಹೋಗಲಿ. ನಾನು ಹೇಳಹೊರಟದ್ದು ಸಂದರ್ಶನದ ದಿನದ ಸಂಗತಿ.

ಭಾವನವರು ನಮ್ಮೊಂದಿಗೆ ಬಸ್ಸಿನಲ್ಲಿ ಬಂದರು, ಕೋಟು ಹಾಕಿಕೊಂಡೇ. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ನಿಂತುಬಿಟ್ಟರು. "ನಾ ಇಲ್ಲೇ ಇರತೀನಿ ಅಂತ ಹೇಳು" ಎಂದರು ಮಗಳಿಗೆ. ನಾವಿಬ್ಬರೇ ಒಳಗೆ ಹೋದೆವು. ಮೇಜಿನಾಚೆ ದೊಡ್ಡ ಮುಖದ ಗಂಡಸೊಬ್ಬರು. ಮಗಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಊಟವಿರಲಿ, ಒಂದು ಬಿಸ್ಕತ್ತನ್ನೂ ಯಾರೂ ಕೊಡಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು, ಮಗಳನ್ನು ಇಷ್ಟು ದೂರ ಯಾಕೆ ಬಿಡುತ್ತೀರಿ ಎಂದು.

ಶಿಸ್ತು ನೆನಪಾಗಲಿಲ್ಲ. ಸಂಸ್ಕಾರವೂ ಬರಲಿಲ್ಲ. ಮಗಳು ನನ್ನ ಮುಖ ನೋಡುತ್ತಿದ್ದಳು. ಅವರ ಬೆನ್ನ ಹಿಂದಿನ ಕಿಟಕಿಗೆ ಒಂದು ಪರದೆ ಇತ್ತು. ನಾನು ಅದನ್ನು ನೋಡುತ್ತ ಏನೋ ತೊದಲಿದೆ.

"ವಿನಪಡಲೇದಮ್ಮಾ" ಎಂದರು ಅವರು.

ಕೇಳಿಸಲಿಲ್ಲವಮ್ಮಾ! ಅಲ್ಲ, ಎಷ್ಟು ದಿನದಿಂದ ಆ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು! ಬೇರೆ ಯಾವ ಮಾತಾದರೂ ನಾನು ಅಳುತ್ತಿದ್ದೆನೇನೋ. ಇದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಉಸಿರು ಎಳೆದುಕೊಂಡು, ಆ ಪರದೆಗೆ, ನನ್ನ ಸಂತೆಯ ತೆಲುಗಿನಲ್ಲಿ ಹೇಳಿದೆ: "ನಾಕು ಮಾಟ್ಲಾಡಟಂ ರಾದು. ದಾನಿಕಿ ರಾವಾಲಿ." ನನಗೆ ಮಾತಾಡಲು ಬರುವುದಿಲ್ಲ, ಅವಳಿಗೆ ಬರಬೇಕು. ಕೋಣೆಯ ಹೊರಗೆ ಸರದಿಗಾಗಿ ಕುಳಿತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು.

ಹೊರಗೆ ಬಂದಾಗ ಭಾವನವರು ನಮಗೆ ಬೆನ್ನು ಮಾಡಿ, ಆ ಪರದೆಯ ಕಿಟಕಿಯ ಹೊರಗೇ ಇದ್ದ ಬೇವಿನ ಕೆಳಗೆ ನಿಂತಿದ್ದರು. ತಿರುಗದೆಯೇ ಮಗಳನ್ನು ಕೇಳಿದರು, "ನಿಮ್ಮವ್ವ ಏನರೆ ಅಂದ್ಲೇನು?"

ಮಗಳು ಬಾಯಿ ತೆರೆದಳು. ನಾನು ಅವಳ ಭುಜ ಹಿಡಿದು ತಡೆದೆ.

"ಭಾವಾರ, ಅಂದೆರಿ. ಕೇಳಸ್ತೇನ್ರಿ?"

ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವರೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ತಿರುಗಲಿಲ್ಲ.

"ಕೇಳಸ್ತವ್ವಾ" ಎಂದರು. "ಛಲೋತಂಗ ಕೇಳಸ್ತು."

ಆಮೇಲೆ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಬೆವರೇ ಇರಬೇಕು. ಅಂಥ ಬಿಸಿಲಿನಲ್ಲಿ ಉಣ್ಣೆಯ ಕೋಟು ಹಾಕಿಕೊಳ್ಳುವವರ ಮುಖದ ಮೇಲೆ ಇನ್ನೇನು ಹರಿಯುತ್ತದೆ?